ಯೇತಿ ಇದೆಯೋ ಇಲ್ಲವೋ: ಏನು ತೋರಿಸಿದರೆ ನೀವು ಒಪ್ಪುತ್ತೀರಿ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗ ಈಗ ಒಂಬತ್ತನೇ ಕ್ಲಾಸು. ಶಾಲೆಯ ಚರ್ಚಾಸ್ಪರ್ಧೆಯಲ್ಲಿ 'ಹಿಮಮಾನವ ಇರುವುದು ನಿಜ' ಅನ್ನುವುದರ ಪರವಾಗಿ ಮಾತಾಡಬೇಕಂತೆ. ಚೀಟಿ ಎತ್ತಿದಾಗ ಬಂದದ್ದು, ಅವನೇ ಆರಿಸಿಕೊಂಡದ್ದಲ್ಲ. ಹುಡುಕಿ ಹುಡುಕಿ ನಮ್ಮ ಸೇನೆಯ 2019ರ ಟ್ವೀಟ್ ಹಿಡಿದುಕೊಂಡು ಬಂದಿದ್ದಾನೆ. ಆ ವರ್ಷ ಏಪ್ರಿಲ್ 9ರಂದು ನೇಪಾಳದ ಮಕಾಲು ಬೇಸ್ ಕ್ಯಾಂಪ್ ಹತ್ತಿರ ಸೇನೆಯ ಪರ್ವತಾರೋಹಣ ತಂಡಕ್ಕೆ 32 ಇಂಚು ಉದ್ದ, 15 ಇಂಚು ಅಗಲದ ಹೆಜ್ಜೆಗಳು ಕಂಡವು, ಅವು ಯೇತಿಯವು ಅಂತ ಏಪ್ರಿಲ್ 29ಕ್ಕೆ ಫೋಟೋ ಸಮೇತ ಹಾಕಿದ್ದರು. "ಸೈನ್ಯದವರೇ ಹೇಳಿದ ಮೇಲೆ ಮುಗೀತಲ್ಲ ಮಾಮ?" ಅನ್ನುತ್ತಾನೆ.

ನಂಬುತ್ತೀರೋ ಇಲ್ಲವೋ ಅಂತ ನಾನು ಕೇಳುತ್ತಿಲ್ಲ. ಅದನ್ನು ಕೇಳಿದರೆ ಇಲ್ಲಿ ನೂರು ಕಾಮೆಂಟು ಬೀಳುತ್ತವೆ, ಯಾರೂ ಜಗ್ಗುವುದಿಲ್ಲ. ನನ್ನ ಪ್ರಶ್ನೆ ಬೇರೆ. ಇಲ್ಲ ಅನ್ನುವವರು, ಏನು ತೋರಿಸಿದರೆ ಇದೆ ಅಂತ ಒಪ್ಪುತ್ತೀರಿ? ಇದೆ ಅನ್ನುವವರು, ಏನು ತೋರಿಸಿದರೆ ಇಲ್ಲ ಅಂತ ಒಪ್ಪುತ್ತೀರಿ? ಮೊದಲು ಅದನ್ನು ಹೇಳಿ, ಆಮೇಲೆ ಜಗಳ ಆಡಿ.

ಸಂಶಯಪ್ಪ
ನನ್ನದು ಸುಲಭ. ಒಂದು ಹಲ್ಲು, ಒಂದು ಮೂಳೆ, ಇಲ್ಲ ಒಂದು ಹಿಡಿ ಕೂದಲು ತನ್ನಿ. ಎರಡು ಬೇರೆ ಬೇರೆ ಲ್ಯಾಬಿನಲ್ಲಿ ಪರೀಕ್ಷೆ ಆಗಲಿ. ಗೊತ್ತಿರುವ ಯಾವ ಪ್ರಾಣಿಯದ್ದೂ ಅಲ್ಲ ಅಂತ ಎರಡೂ ಕಡೆ ಬಂದರೆ ಅವತ್ತೇ ಒಪ್ಪುತ್ತೇನೆ, ಪೇಡೆನೂ ಹಂಚುತ್ತೇನೆ. ಹೆಜ್ಜೆ ಫೋಟೋ, ಯಾರೋ ನೋಡಿದ್ದರಂತೆ, ಮಬ್ಬು ವಿಡಿಯೋ, ಇವು ಬೇಡ.

ಇನ್ನು ಆ 32 ಇಂಚಿನ ಕತೆ. ಮನುಷ್ಯನ ಪಾದದ ಉದ್ದ ಅವನ ಎತ್ತರದ ಸುಮಾರು ಶೇ. 15 ಇರುತ್ತದೆ. ಅದೇ ಲೆಕ್ಕದಲ್ಲಿ 32 ಇಂಚಿನ ಪಾದದವನು ಹದಿನೇಳು ಹದಿನೆಂಟು ಅಡಿ ಎತ್ತರ ಇರಬೇಕು. ಜಿರಾಫೆಯಷ್ಟು! ಅಂಥದ್ದು ಒಂದೇ ಇದ್ದರೆ ಸಾಲದು. ಗಂಡು, ಹೆಣ್ಣು, ಮರಿ ಎಲ್ಲ ಇರಬೇಕು, ಹೊಟ್ಟೆಗೂ ಏನಾದರೂ ಬೇಕು. ಮಕಾಲು ಬುಡದಲ್ಲಿ ಏನು ಹಲಸಿನ ತೋಟ ಇದೆಯಾ? ಜೊತೆಗೆ ಆ ಫೋಟೋದಲ್ಲಿ ಹೆಜ್ಜೆಗಳೆಲ್ಲ ಒಂದೇ ಸಾಲು. ಯೇತಿ ಕುಂಟೆಬಿಲ್ಲೆ ಆಡುತ್ತಾ ಹೋಯಿತಾ?

ಕೊಡಗಿನ ಸುಬೇದಾರ
ನಗಿ, ಪರವಾಗಿಲ್ಲ. ಆದರೆ ಅಲ್ಲಿಗೆ ಹತ್ತಿದ ಹುಡುಗರನ್ನು ನೋಡಿ ನಗಬೇಡಿ. ಅವರು ಏನೋ ಕಂಡರು, ಅಳತೆ ಹಿಡಿದರು, ಫೋಟೋ ತೆಗೆದರು, ಮೇಲಿನವರಿಗೆ ವರದಿ ಮಾಡಿದರು. ಅದು ಅವರ ಕೆಲಸ. ಅದಕ್ಕೆ ಯೇತಿ ಅಂತ ಹೆಸರು ಬರೆದದ್ದು ಟ್ವೀಟ್.

ನಾನು ಲಡಾಖ್, ಸಿಕ್ಕಿಂ ಎರಡೂ ಕಡೆ ಇದ್ದವನು. ಹಿಮದ ಮೇಲಿನ ಗುರುತನ್ನು ಇಲ್ಲಿ ಕೆಸರಿನ ಮೇಲಿನ ಗುರುತಿನ ಹಾಗೆ ಓದೋಕಾಗಲ್ಲ. ಬೆಳಗ್ಗೆ ನಮ್ಮ ಬೂಟು ಊರಿದ ಜಾಗ ಇರುತ್ತಲ್ಲ, ಅದರ ಅಂಚಿಗೆ ಬಿಸಿಲು ಬಿದ್ದ ಕೂಡಲೇ ಒಳಗೆ ಕುಸಿಯೋಕೆ ಶುರು. ಮಧ್ಯಾಹ್ನಕ್ಕೆ ಗುಂಡಗೆ ಅಗಲ ಆಗಿರುತ್ತದೆ. ರಾತ್ರಿ ಮತ್ತೆ ಗಟ್ಟಿ ಕಟ್ಟುತ್ತದೆ, ಮಾರನೇ ದಿನ ಮತ್ತೆ ಕರಗುತ್ತದೆ. ಹಿಂದಿನ ಪಾಳಿಯ ಪಹರೆಯವರ ಹೆಜ್ಜೆ ನೋಡಿ, 'ಇದ್ಯಾವ ರಾಕ್ಷಸ ಓಡಾಡಿದ್ದಾನೆ' ಅಂತ ಹೊಸ ಹುಡುಗರು ಬೆಚ್ಚುತ್ತಿದ್ದರು. ಹಿಮ ಆಳ ಇದ್ದರೆ ನಾವೂ ಒಬ್ಬರ ಹೆಜ್ಜೆ ಮೇಲೆ ಇನ್ನೊಬ್ಬರು ಕಾಲಿಟ್ಟು ಒಂದೇ ಸಾಲಾಗಿ ಹೋಗುತ್ತೇವೆ. ಸಾಲು ಒಂದೇ ಅಂದ ಮಾತ್ರಕ್ಕೆ ಕುಂಟೆಬಿಲ್ಲೆ ಅಲ್ಲ ಸಂಶಯಪ್ಪನವರೇ.

ಇನ್ನೊಂದು. ಅಲ್ಲಿನ ಜನ, ಕೂಲಿಯವರು ಅದನ್ನು ಕರಡಿ ಹೆಜ್ಜೆ ಅಂತ ಹೇಳಿದರು ಅಂತ ನೇಪಾಳದ ಸೇನೆಯೇ ಆಮೇಲೆ ಹೇಳಿತು. ಬೆಟ್ಟದವರ ಮಾತು ಕೇಳಬೇಕು ಅನ್ನುವವರು ಈ ಮಾತನ್ನೂ ಕೇಳಬೇಕಲ್ಲ.

ಧಾರವಾಡದ ಬಯಾಲಜಿ ಮೇಡಂ
ಸುಬೇದಾರ್ ಸಾಹೇಬರು ಅರ್ಧ ಪಾಠ ಮುಗಿಸಿಬಿಟ್ಟರು. ಉಳಿದರ್ಧ ನಾನು ಹೇಳುತ್ತೇನೆ.

ನಾಯಿ, ಬೆಕ್ಕು, ಹುಲಿ ಇವೆಲ್ಲ ಬೆರಳಿನ ಮೇಲೆ ನಡೆಯುವ ಪ್ರಾಣಿಗಳು. ಕರಡಿ ಹಾಗಲ್ಲ, ನಮ್ಮ ಹಾಗೆ ಹಿಮ್ಮಡಿ ಊರಿ ನಡೆಯುತ್ತದೆ. ಅದರ ಹಿಂಗಾಲಿನ ಗುರುತಿನಲ್ಲಿ ಐದು ಬೆರಳು, ಉದ್ದ ಅಂಗಾಲು, ಹಿಮ್ಮಡಿ ಎಲ್ಲ ಕಾಣುತ್ತವೆ. ವ್ಯತ್ಯಾಸ ಏನು ಅಂದರೆ, ನಮಗೆ ದೊಡ್ಡ ಬೆರಳು ಒಳಬದಿಗಿದೆ, ಕರಡಿಗೆ ಹೊರಬದಿಗೆ. ಹಾಗಾಗಿ ಕರಡಿಯ ಎಡಗಾಲಿನ ಗುರುತು ನಮ್ಮ ಕಣ್ಣಿಗೆ ಬಲಗಾಲಿನಂತೆ ಕಾಣುತ್ತದೆ. ಉಗುರಿನ ಗುರುತೂ ಇರುತ್ತದೆ, ಆದರೆ ಹಿಮ ಕರಗಿದಾಗ ಮೊದಲು ಅಳಿಸುವುದೇ ಅದು.

ಮುಖ್ಯವಾದ್ದು ಈಗ ಬಂತು. ಕರಡಿ ನಡೆಯುವಾಗ ಎಷ್ಟೋ ಸಲ ಮುಂಗಾಲು ಇಟ್ಟ ಜಾಗದ ಮೇಲೇ, ಇಲ್ಲ ಸ್ವಲ್ಪ ಆಚೀಚೆ, ಹಿಂಗಾಲು ಇಡುತ್ತದೆ. ಎರಡು ಗುರುತು ಸೇರಿ ಉದ್ದನೆಯ ಒಂದೇ ಪಾದ ಆಗುತ್ತದೆ. ನಾಲ್ಕು ಕಾಲಿನ ಪ್ರಾಣಿ ಎರಡು ಕಾಲಿನಲ್ಲಿ ನಡೆದ ಹಾಗೆ ಸಾಲು ಮೂಡುತ್ತದೆ. ಅದರ ಮೇಲೆ ಬಿಸಿಲು ಬೀಳಲಿ. 32 ಇಂಚು ಆಗೋಕೆ ಯಾವ ರಾಕ್ಷಸನೂ ಬೇಕಿಲ್ಲ.

ಶಿರಸಿ ಭಟ್ಟ
ಎಲ್ಲದಕ್ಕೂ ಕರಡಿ, ಎಲ್ಲದಕ್ಕೂ ಬಿಸಿಲು! 1951ರಲ್ಲಿ ಎರಿಕ್ ಶಿಪ್ಟನ್ ಮೆನ್ಲುಂಗ್ ಹಿಮನದಿಯಲ್ಲಿ ತೆಗೆದ ಫೋಟೋ ನೋಡಿದ್ದೀರಾ ಮಾರಾಯ್ರೇ? ಅಳತೆಗೆ ಪಕ್ಕದಲ್ಲಿ ಐಸ್ ಕೊಡಲಿ ಇಟ್ಟಿದ್ದಾರೆ. ಸುಮಾರು 13 ಇಂಚು, ಅಂಚು ಚೂಪಾಗಿದೆ, ದೊಡ್ಡ ಬೆರಳು ಬೇರೆಯಾಗಿ ಕಾಣುತ್ತದೆ. ಶಿಪ್ಟನ್ ಏನು ದಾರಿಹೋಕನಲ್ಲ, ಎವರೆಸ್ಟ್ ದಾರಿ ಹುಡುಕಲು ಹೋದವರು. ಜೊತೆಗಿದ್ದ ಮೈಕೆಲ್ ವಾರ್ಡ್ ಡಾಕ್ಟರು. ಇಂಥವರೆಲ್ಲ ಸುಳ್ಳು ಹೇಳುತ್ತಾರಾ?

ಇನ್ನೊಂದು ಕೇಳಿ. 1959ರ ನವೆಂಬರಿನಲ್ಲಿ ಕಠ್ಮಂಡುವಿನ ಅಮೆರಿಕ ರಾಯಭಾರ ಕಚೇರಿ ಯೇತಿ ಹುಡುಕುವವರಿಗೆ ನಿಯಮಗಳ ಪತ್ರವನ್ನೇ ಹೊರಡಿಸಿತ್ತು. ಪರ್ಮಿಟ್ಟಿಗೆ 5,000 ರೂಪಾಯಿ. ಫೋಟೋ ತೆಗೆಯಬಹುದು, ಜೀವಂತ ಹಿಡಿಯಬಹುದು, ಪ್ರಾಣಕ್ಕೆ ಬಂದರೆ ಮಾತ್ರ ಗುಂಡು ಹಾರಿಸಬಹುದು. ಇಲ್ಲದ ಪ್ರಾಣಿಗೆ ಯಾವ ಸರ್ಕಾರ ನಿಯಮ ಮಾಡುತ್ತದೆ ಹೇಳಿ.

ಸಂಶಯಪ್ಪ
ಭಟ್ಟರೇ, ಅದು ನೇಪಾಳ ಸರ್ಕಾರದ ನಿಯಮ. ಅಮೆರಿಕದವರು ತಮ್ಮ ಜನರಿಗೆ ತಿಳಿಸಿದ್ದು ಅಷ್ಟೇ. ದುಡ್ಡಿರುವ ವಿದೇಶಿಯರು ಸಾಲುಗಟ್ಟಿ ಬರುತ್ತಿದ್ದ ಕಾಲ ಅದು. ಟೆಕ್ಸಾಸಿನ ಎಣ್ಣೆ ಸಾಹುಕಾರ ಟಾಮ್ ಸ್ಲಿಕ್ 1957ರಿಂದ ತಂಡದ ಮೇಲೆ ತಂಡ ಕಳಿಸುತ್ತಿದ್ದ. ಬಂದವರು ಸುಮ್ನೆ ಯಾಕೆ ಹೋಗಬೇಕು, ಫೀಸು ಕಟ್ಟಿ ಹೋಗಲಿ ಅಂದರು. ನಾನಾಗಿದ್ದರೆ ಹತ್ತು ಸಾವಿರ ಹೇಳುತ್ತಿದ್ದೆ.

ಲಗೇಜ್ ಕಮ್ಮಿ ಚಾರಣಿಗ
ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣಕ್ಕೆ ಬೆಂಗಳೂರಿನಿಂದ ಈಗ ಜನ ಹೋಗುತ್ತಲೇ ಇರುತ್ತಾರೆ. ಹೋದವರು ನಾಮ್ಚೆ ಬಜಾರಿನಿಂದ ಒಂದೆರಡು ಗಂಟೆ ಮೇಲೆ ಹತ್ತಿ ಖುಮ್‌ಜುಂಗ್ ಊರಿನ ಗೊಂಪಾ, ಅಂದರೆ ಬೌದ್ಧ ಮಠ, ನೋಡಿ ಬನ್ನಿ. ಅಲ್ಲಿ ಯೇತಿಯ ನೆತ್ತಿ ಅಂತ ಒಂದನ್ನು ಇಟ್ಟಿದ್ದಾರೆ. ಬೀಗ ಹಾಕಿದ ಪೆಟ್ಟಿಗೆ, ಮುಂದೆ ಗಾಜು, ಕಾಣಿಕೆ ಹಾಕಿದರೆ ತೆರೆದು ತೋರಿಸುತ್ತಾರೆ. ನಾನು ನೋಡಿದೆ. ಮೇಲಕ್ಕೆ ಚೂಪಾದ ಟೊಪ್ಪಿಗೆಯ ಆಕಾರ. ಕೆಂಚು ಕಂದು ಬಣ್ಣದ ಒರಟು ಕೂದಲು, ಅಲ್ಲಲ್ಲಿ ಉದುರಿ ಚರ್ಮ ಕಾಣುತ್ತದೆ.

ಇದರ ಕತೆ ಚೆನ್ನಾಗಿದೆ. ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ 1960ರಲ್ಲಿ ಯೇತಿ ಹುಡುಕಲು ಒಂದು ತಂಡ ಕಟ್ಟಿಕೊಂಡು ಬಂದರು. ದುಡ್ಡು ಹಾಕಿದ್ದು ಅಮೆರಿಕದ ಒಂದು ವಿಶ್ವಕೋಶದ ಕಂಪನಿ. ಈ ನೆತ್ತಿಯನ್ನು ಪರೀಕ್ಷೆಗೆ ಒಯ್ಯುತ್ತೇವೆ ಅಂದಾಗ ಊರಿನವರು ಸುಮ್ನೆ ಕೊಡಲಿಲ್ಲ. ನಮ್ಮ ಹಿರಿಯರೊಬ್ಬರು ಜೊತೆಗೆ ಬರಬೇಕು, ಹೇಳಿದ ದಿನದೊಳಗೆ ವಾಪಸ್ ತರಬೇಕು ಅಂತ ಷರತ್ತು. ಹಾಗೆ ಖುಂಜೋ ಚುಂಬಿ ಅನ್ನುವ ಶೆರ್ಪಾ ಹಿರಿಯರು ನೆತ್ತಿಯ ಜೊತೆ ಶಿಕಾಗೋ, ಪ್ಯಾರಿಸ್, ಲಂಡನ್ ಎಲ್ಲ ಸುತ್ತಿ ಬಂದರು. ತೀರ್ಪು ಏನು? ಸೆರೋ ಅನ್ನುವ ಕಾಡುಮೇಕೆಯಂಥ ಪ್ರಾಣಿಯ ಚರ್ಮವನ್ನು ಅಚ್ಚಿಗೆ ಎಳೆದು ಮಾಡಿದ್ದು. ಹಿಲರಿ ತಂಡ ತಾನೇ ಸೆರೋ ಚರ್ಮದಿಂದ ಅಂಥದ್ದೊಂದನ್ನು ಮಾಡಿಯೂ ತೋರಿಸಿತು. ಮಾರನೇ ವರ್ಷ ಅದೇ ಊರಿನಲ್ಲಿ ಹಿಲರಿ ಒಂದು ಶಾಲೆ ಕಟ್ಟಿಸಿದರು. ಯೇತಿ ಹುಡುಕಾಟದಿಂದ ಆ ಊರಿಗೆ ಸಿಕ್ಕ ಗಟ್ಟಿ ಲಾಭ ಅದೇ ಅನ್ನಬೇಕು.

ಅಲ್ಲಿಂದ ಮುಂದೆ ಪಾಂಗ್‌ಬೋಚೆ ಗೊಂಪಾದಲ್ಲಿ ಯೇತಿಯ ಕೈ ಇತ್ತು. ಆ ಟಾಮ್ ಸ್ಲಿಕ್ ಕಳಿಸಿದ ಪೀಟರ್ ಬರ್ನ್ 1959ರಲ್ಲಿ ಅದರ ಒಂದು ಬೆರಳು ತೆಗೆದು, ಆ ಜಾಗಕ್ಕೆ ಮನುಷ್ಯನ ಬೆರಳು ಕೂರಿಸಿದರು. ಅದು ಭಾರತ ದಾಟಿ ಲಂಡನ್ನಿಗೆ ಹೋದದ್ದು ಹೇಗೆ ಗೊತ್ತಾ? ಹಾಲಿವುಡ್ ನಟ ಜೇಮ್ಸ್ ಸ್ಟೀವರ್ಟ್ ಮತ್ತು ಅವರ ಹೆಂಡತಿಯ ಲಗೇಜಿನಲ್ಲಿ! 2011ರಲ್ಲಿ ಎಡಿನ್‌ಬರೋದಲ್ಲಿ ಆ ಬೆರಳಿನ ಡಿಎನ್‌ಎ ನೋಡಿದರು. ಮನುಷ್ಯನದು. ಉಳಿದ ಕೈ ಅಷ್ಟರಲ್ಲಾಗಲೇ ಗೊಂಪಾದಿಂದ ಕಳುವಾಗಿತ್ತು. ಈ ಇಡೀ ಪ್ರಕರಣದಲ್ಲಿ ನನಗೆ ಬೇಜಾರಾಗುವುದು ಅದೇ. ಪುರಾವೆ ಹುಡುಕಲು ಬಂದವರು ದೇವಸ್ಥಾನದ ವಸ್ತುವಿಗೇ ಕೈ ಹಾಕಿದರು.

ಶಿರಸಿ ಭಟ್ಟ
ನೆತ್ತಿ ನಕಲಿ ಆದರೆ ಯೇತಿ ನಕಲಿ ಅಂತಲ್ಲ. ಊರಿನ ಪೂಜೆಗೆ, ಕುಣಿತಕ್ಕೆ ಅಂತ ಮಾಡಿಕೊಂಡಿದ್ದಿರಬಹುದು. ನಮ್ಮಲ್ಲಿ ಭೂತಕೋಲದ ಹುಲಿ ಮುಖವಾಡ ಮರದ್ದು ಅಂತ ಕಾಡಿನಲ್ಲಿ ಹುಲಿ ಇಲ್ಲವೆಂದಾಗುತ್ತದಾ?

ಧಾರವಾಡದ ಬಯಾಲಜಿ ಮೇಡಂ
ಇದು ಸರಿಯಾದ ಮಾತು ಭಟ್ಟರೇ. ಒಂದು ವಸ್ತು ನಕಲಿ ಅಂತ ತೋರಿಸಿದರೆ ಆ ವಸ್ತುವಿನ ಕತೆ ಮಾತ್ರ ಮುಗಿಯುತ್ತದೆ. ಹುಲಿ ಇದೆ ಅಂತ ನಾವು ಹೇಳುವುದು ಮುಖವಾಡ ನೋಡಿ ಅಲ್ಲ, ಹುಲಿಯನ್ನೇ ನೋಡಿ. ಹಾಗಾದರೆ ಮುಖವಾಡ ಬಿಟ್ಟು ಉಳಿದದ್ದು ಏನಿದೆ ನೋಡೋಣ.

2012ರಲ್ಲಿ ಆಕ್ಸ್‌ಫರ್ಡಿನ ಬ್ರಯಾನ್ ಸೈಕ್ಸ್ ಅನ್ನುವ ತಳಿವಿಜ್ಞಾನಿ ಒಂದು ಬಹಿರಂಗ ಕರೆ ಕೊಟ್ಟರು. ಯೇತಿ ಇರಲಿ, ಅಮೆರಿಕದವರು ಹೇಳುವ ಅಂಥದ್ದೇ ಬಿಗ್‌ಫೂಟ್ ಇರಲಿ, ನಿಮ್ಮ ಹತ್ತಿರ ಕೂದಲು ಇದ್ದರೆ ಕಳಿಸಿ, ನಗುವುದಿಲ್ಲ, ಪರೀಕ್ಷೆ ಮಾಡುತ್ತೇವೆ ಅಂತ. ಕೊನೆಗೆ 30 ಮಾದರಿಗಳಿಂದ ಡಿಎನ್‌ಎ ಸರಿಯಾಗಿ ಸಿಕ್ಕಿತು. 2014ರಲ್ಲಿ ಫಲಿತಾಂಶ ಬಂತು. ಹಸು, ಕುದುರೆ, ತೋಳ, ಕರಡಿ, ಹೀಗೆ. ಹೊಸ ವಾನರ ಒಂದೂ ಇಲ್ಲ. ಆದರೆ ಎರಡು ಕೂದಲು ವಿಚಿತ್ರ ಅನ್ನಿಸಿದವು. ಒಂದು ಲಡಾಖಿನದು, ಇನ್ನೊಂದು ಭೂತಾನಿನದು. ಎರಡೂ ಉತ್ತರಧ್ರುವದ ಕಡೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಸಿಕ್ಕ ಪುರಾತನ ಹಿಮಕರಡಿಯ ಡಿಎನ್‌ಎಗೆ ಹೊಂದುತ್ತವೆ, ಹಿಮಾಲಯದಲ್ಲಿ ಯಾವುದೋ ಗೊತ್ತಿಲ್ಲದ ಮಿಶ್ರತಳಿ ಕರಡಿ ಇರಬಹುದು ಅಂತ ಬರೆದರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಆಮೇಲೆ ಬೇರೆ ವಿಜ್ಞಾನಿಗಳು ಅದೇ ದತ್ತಾಂಶ ಮತ್ತೆ ನೋಡಿದರು. ಅದು ಪುರಾತನ ಹಿಮಕರಡಿಯಲ್ಲ, ಹಿಮಾಲಯದ ಕಂದು ಕರಡಿಯೇ ಅಂತ ತೋರಿಸಿದರು.

2017ರಲ್ಲಿ ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಶಾರ್ಲಟ್ ಲಿಂಡ್‌ಕ್ವಿಸ್ಟ್ ತಂಡ ಇನ್ನೂ ಆಳಕ್ಕೆ ಹೋಯಿತು. ಯೇತಿಯದು ಅನ್ನುವ ಒಂಬತ್ತು ಮಾದರಿ: ಮೂಳೆ, ಹಲ್ಲು, ಚರ್ಮ, ಕೂದಲು, ಹಿಕ್ಕೆ. ಎಂಟು ಕರಡಿ, ಒಂದು ನಾಯಿ. ಕರಡಿಗಳಲ್ಲೂ ಮೂರು ಬಗೆ ಸಿಕ್ಕವು: ಹಿಮಾಲಯದ ಕಂದು ಕರಡಿ, ಟಿಬೆಟ್ಟಿನ ಕಂದು ಕರಡಿ, ಏಷ್ಯಾದ ಕಪ್ಪು ಕರಡಿ. ನಾಯಿಯದು ಅಂತ ಬಂದದ್ದು ಒಂದು ಹಲ್ಲು. ಅದು ಇಟಲಿಯಲ್ಲಿರುವ ಪರ್ವತಾರೋಹಿ ರೈನ್‌ಹೋಲ್ಡ್ ಮೆಸ್ನರ್ ಅವರ ಮ್ಯೂಸಿಯಮ್ಮಿನ 'ಯೇತಿ'ಯದು. ಇದೇ ಮೆಸ್ನರ್ 1986ರಲ್ಲಿ ಟಿಬೆಟ್ಟಿನಲ್ಲಿ ರಾತ್ರಿ ಹೊತ್ತು ಯಾವುದೋ ದೊಡ್ಡ ಪ್ರಾಣಿ ಎದುರಾಗಿ ಬೆಚ್ಚಿಬಿದ್ದು, ವರ್ಷಗಟ್ಟಲೆ ಅದರ ಹಿಂದೆ ಅಲೆದು, ಕೊನೆಗೆ ಅದು ಕರಡಿಯೇ ಅನ್ನುವ ತೀರ್ಮಾನಕ್ಕೆ ಬಂದವರು.

ಶಿರಸಿ ಭಟ್ಟ
ಅಂದರೆ 2014ರಲ್ಲಿ ವಿಜ್ಞಾನಿಗಳೇ ಎಡವಿದರು! ನಾಳೆ 2017ರದ್ದೂ ಎಡವಟ್ಟು ಅಂತ ಗೊತ್ತಾದರೆ?

ಸಂಶಯಪ್ಪ
ಗೊತ್ತಾಗಲಿ, ಒಳ್ಳೆಯದೇ. ಆದರೆ 2014ರ ತಪ್ಪು ಹಿಡಿದದ್ದು ಯಾರು? ಇನ್ನೊಬ್ಬ ವಿಜ್ಞಾನಿ. ಮಾದರಿ, ದತ್ತಾಂಶ ಎಲ್ಲ ಎದುರಿಗಿತ್ತು, ಮತ್ತೆ ನೋಡಿದರು, ತಪ್ಪು ಅಂದರು. ಶಿಪ್ಟನ್ ಹೆಜ್ಜೆಯನ್ನು ಮತ್ತೆ ಯಾರು ನೋಡುತ್ತಾರೆ? ಅದು ಅದೇ ವಾರ ಕರಗಿಹೋಯಿತು. ನಮಗೆ ಉಳಿದದ್ದು ಒಂದು ಫೋಟೋ. ಅದಕ್ಕೇ ನಾನು ಮೊದಲೇ ಹೇಳಿದ್ದು, ಹೆಜ್ಜೆ ಬೇಡ, ಹಲ್ಲು ತನ್ನಿ ಅಂತ.

ಎಡಿಸನ್ ಕನ್ನಡತಿ
ಇಲ್ಲಿ ಅಮೆರಿಕದಲ್ಲಿ ಬಿಗ್‌ಫೂಟ್ ಟಿ-ಶರ್ಟ್, ಮಗ್, ಕಾರಿನ ಸ್ಟಿಕ್ಕರ್ ಎಲ್ಲ ಸಿಗುತ್ತದೆ. ಬಿಗ್‌ಫೂಟ್ ಮಾತ್ರ ಸಿಗಲ್ಲ. ಚರ್ಚೆ ಮುಂದುವರಿಸಿ, ಕಾಫಿ ಹಿಡಿದು ಓದುತ್ತಿದ್ದೇನೆ.

ಗಂಗಾವತಿ ಹುಡುಗ
ಕರಡಿ ಅಂದ್ರಲ್ಲ, ನಮ್ಮ ಕಡೆ ಮಾತು ಕೇಳಿ. ದರೋಜಿ ಕರಡಿಧಾಮ ನಮ್ಮೂರಿಗೆ ದೂರ ಇಲ್ಲ, 1994ರಲ್ಲಿ ಆದದ್ದು. ಸಂಜೆ ಹೊತ್ತು ಬಂಡೆ ಮೇಲೆ ಬೆಲ್ಲದ ಪಾಕ ಬಳಿದಿರುತ್ತಾರೆ, ಗೋಪುರದ ಮೇಲೆ ಕೂತರೆ ಕರಡಿ ಬಂದು ನೆಕ್ಕುವುದು ಕಾಣುತ್ತದೆ. ಬೆನ್ನ ಮೇಲೆ ಮರಿ ಕೂರಿಸಿಕೊಂಡು ಬರುವ ತಾಯಿ ಕರಡಿನೂ ಕಾಣುತ್ತದೆ.

ನಮ್ಮ ಅಮ್ಮಮ್ಮ ಕರಡಿ ಬಗ್ಗೆ ಹೇಳುತ್ತಿದ್ದ ಕತೆಗಳಿಗೂ ಈ ಯೇತಿ ಕತೆಗಳಿಗೂ ಜಾಸ್ತಿ ವ್ಯತ್ಯಾಸ ಇಲ್ಲ. ಕರಡಿ ಎರಡು ಕಾಲ ಮೇಲೆ ನಿಂತು ಮನುಷ್ಯನ ಹಾಗೆ ಬರುತ್ತದೆ, ಹೆಂಗಸರನ್ನು ಹೊತ್ತುಕೊಂಡು ಗುಹೆಗೆ ಹೋಗುತ್ತದೆ, ಅಂಗಾಲು ನೆಕ್ಕಿ ನೆಕ್ಕಿ ನಡೆಯೋಕೆ ಆಗದ ಹಾಗೆ ಮಾಡುತ್ತದೆ. ಕರಡಿ ಆಡಿಸುವವರು ಬಂದಾಗ ಅದೇ ಅಮ್ಮಮ್ಮ ನಮ್ಮ ಕೊರಳಿಗೆ ಕರಡಿ ಕೂದಲಿನ ತಾಯತ ಕಟ್ಟಿಸುತ್ತಿದ್ದರು, ಹೆದರಿಕೆ ಹೋಗಲಿ ಅಂತ.

ನನ್ನ ಪಾಯಿಂಟು ಏನಂದ್ರೆ, ಇಲ್ಲಿ ಪ್ರಾಣಿ ಪಕ್ಕಾ ಇದೆ. ಬಂಡೆ ಮೇಲೆ ಕಣ್ಣೆದುರಿಗೇ ಕೂತಿದೆ. ಆದರೂ ಕತೆ ಅದರ ಸುತ್ತ ಹುತ್ತದ ಹಾಗೆ ಬೆಳೆದಿದೆ. ಹಿಮಾಲಯದಲ್ಲಿ ಕಂದು ಕರಡಿ ಅಪರೂಪಕ್ಕೆ ಕಾಣುತ್ತದೆ. ಕಂಡರೂ ಸಂಜೆ ಮಬ್ಬಿನಲ್ಲಿ, ಹಿಮದಲ್ಲಿ. ಕತೆ ಇನ್ನೆಷ್ಟು ಬೆಳೆಯಲ್ಲ?

ಲಗೇಜ್ ಕಮ್ಮಿ ಚಾರಣಿಗ
ಭಟ್ಟರು 'ಇಂಥವರೆಲ್ಲ ಸುಳ್ಳು ಹೇಳುತ್ತಾರಾ' ಅಂತ ಕೇಳಿದ್ದರು. ಸುಳ್ಳು ಹೇಳಬೇಕಾಗಿಯೇ ಇಲ್ಲ ಸರ್. ಹೂವಿನ ಕಣಿವೆಗೆ ಹೋದವರಿಗೆ ಘಾಂಗರಿಯಾ ಗೊತ್ತಲ್ಲ? ಅಲ್ಲಿಂದ ಹೇಮಕುಂಡಕ್ಕೆ ಹತ್ತುವ ಕಡೆ, 1986ರ ಮಾರ್ಚಿನಲ್ಲಿ, ಆಂಥನಿ ವೂಲ್ಡ್‌ರಿಜ್ ಅನ್ನುವ ಇಂಗ್ಲೆಂಡಿನವರು ಒಬ್ಬರೇ ಓಡುತ್ತಿದ್ದರು. ಸೇವಾಕಾರ್ಯಕ್ಕೆ ದುಡ್ಡು ಕೂಡಿಸುವ ಓಟ ಅದು. ಮೊದಲು ಹಿಮದಲ್ಲಿ ವಿಚಿತ್ರ ಹೆಜ್ಜೆ ಕಂಡವು. ಆಮೇಲೆ ಧಡಾರ್ ಅಂತ ಶಬ್ದ, ಹಿಮ ಜಾರಿದ ಗುರುತು. ಅದರಾಚೆ, ಸುಮಾರು 150 ಮೀಟರ್ ದೂರದಲ್ಲಿ, ಪೊದೆಯ ಹಿಂದೆ ಕಪ್ಪಗೆ, ನೆಟ್ಟಗೆ ನಿಂತ ಆಕಾರ. ಮುಕ್ಕಾಲು ಗಂಟೆ ಹೊತ್ತು ಅದು ಅಲುಗಲಿಲ್ಲ. ಫೋಟೋ ತೆಗೆದರು. ಫೋಟೋ ನೋಡಿದ ಪರಿಣತರಲ್ಲೂ ಕೆಲವರು ಹೌದೌದು ಅಂದರು.

ಮುಂದಿನ ವರ್ಷ ಅದೇ ಜಾಗದ ಹೊಸ ಫೋಟೋಗಳನ್ನು ಹೋಲಿಸಿ ನೋಡಿದಾಗ ಗೊತ್ತಾಯಿತು. ಅದು ಬಂಡೆ. ವೂಲ್ಡ್‌ರಿಜ್ ಅದನ್ನು ತಾವೇ ಒಪ್ಪಿಕೊಂಡರು. ಮುಕ್ಕಾಲು ಗಂಟೆ ಅಲುಗಲಿಲ್ಲ ಅಂದಾಗಲೇ ಅನುಮಾನ ಬರಬೇಕಿತ್ತು ಅಂತ ಈಗ ಹೇಳುವುದು ಸುಲಭ. ಹಿಮದಲ್ಲಿ ಒಬ್ಬರೇ ಇದ್ದಾಗ, ಅದೂ ಆಗಷ್ಟೇ ಹೆಜ್ಜೆ ನೋಡಿ ಬಂದಾಗ, ಕಣ್ಣು ಏನು ಹುಡುಕುತ್ತದೋ ಅದೇ ಕಾಣುತ್ತದೆ.

ಕೊಡಗಿನ ಸುಬೇದಾರ
ನೂರಕ್ಕೆ ನೂರು. ರಾತ್ರಿ ಪಹರೆಯಲ್ಲಿ ಬಂಡೆ ನಡೆದದ್ದನ್ನು ನಾನೇ ನೋಡಿದ್ದೇನೆ. ಬೆಳಗ್ಗೆ ಬಂಡೆ ಅಲ್ಲೇ ಇತ್ತು.

ಮೈಸೂರಿನ ಕಾಡುಪಾಪ
ಎಲ್ಲರೂ ಭಟ್ಟರ ಮೇಲೆ ಬಿದ್ದಿದ್ದೀರಿ. ಅವರ ಪರವಾಗಿ ನಾನೊಂದು ಗಟ್ಟಿ ವಾದ ಕೊಡುತ್ತೇನೆ, ಆ ಒಂಬತ್ತನೇ ಕ್ಲಾಸಿನ ಹುಡುಗನಿಗೂ ಉಪಯೋಗಕ್ಕೆ ಬರುತ್ತದೆ.

ಅರುಣಾಚಲದ ತವಾಂಗ್, ಪಶ್ಚಿಮ ಕಾಮೆಂಗ್ ಕಡೆ ಮೋನ್ಪಾ ಜನ ಒಂದು ಕೋತಿಯನ್ನು ಮುಂಝಾಲಾ ಅನ್ನುತ್ತಿದ್ದರು. ಅವರಿಗೆ ಅದು ಹೊಸದೇನಲ್ಲ. ಹೊಲಕ್ಕೆ ನುಗ್ಗಿ ಬೆಳೆ ತಿನ್ನುವ ಕೋತಿ. ಆದರೆ ವಿಜ್ಞಾನದ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಜೊತೆಗಿನ ಸಂಶೋಧಕರು ಅದನ್ನು ಗುರುತಿಸಿ, 2005ರಲ್ಲಿ ಹೊಸ ಪ್ರಭೇದ ಅಂತ ಪ್ರಕಟಿಸಿದರು. ವೈಜ್ಞಾನಿಕ ಹೆಸರಿನಲ್ಲೂ ಮುಂಝಾಲಾ ಅಂತಲೇ ಉಳಿಸಿದರು. 21ನೇ ಶತಮಾನದಲ್ಲಿ, ಭಾರತದಲ್ಲಿ, ಕರಡಿಮರಿಯಂಥ ಮೈಕಟ್ಟಿನ ದೊಡ್ಡ ಕೋತಿ! ಹಿಮಾಲಯದಲ್ಲಿ ದೊಡ್ಡ ಪ್ರಾಣಿ ಬಚ್ಚಿಟ್ಟುಕೊಳ್ಳೋಕೆ ಸಾಧ್ಯವೇ ಇಲ್ಲ ಅನ್ನುವವರು ಇದಕ್ಕೆ ಉತ್ತರ ಹೇಳಲಿ.

ಈಗ ಇನ್ನೊಂದು ಮಗ್ಗುಲು. ಮುಂಝಾಲಾ ಹೇಗೆ ಸಿಕ್ಕಿತು? ಅದನ್ನು ಹುಡುಕಿ ನೋಡಿದಾಗ ಗುಂಪು ಗುಂಪಾಗಿ ಕಂಡಿತು, ಫೋಟೋ ಬಂತು, ಬಾಲದ ಉದ್ದ ಅಳೆಯುವಷ್ಟು ಸ್ಪಷ್ಟವಾಗಿ. ಯೇತಿಯನ್ನು 1951ರಿಂದ ಹಿಲರಿಯಂಥವರು, ಕೋಟ್ಯಧೀಶರು ಎಲ್ಲ ಹುಡುಕಿದ್ದಾರೆ.

ಇನ್ನು ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರಿಗೆ ಹಾದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ. ಹಿಮಚಿರತೆ ಅಂದರೆ ಕಣ್ಣಿಗೆ ಬೀಳದ ಪ್ರಾಣಿ, ಅಲ್ವಾ? 2019ರಿಂದ 2023ರವರೆಗೆ ದೇಶದಾದ್ಯಂತ ಅದರ ಗಣತಿ ನಡೆಯಿತು. ಲಡಾಖಿನಿಂದ ಅರುಣಾಚಲದವರೆಗೆ ಸುಮಾರು 1,20,000 ಚದರ ಕಿ.ಮೀ., 1,971 ಜಾಗಗಳಲ್ಲಿ ಕ್ಯಾಮೆರಾ. ಚುಕ್ಕೆ ನೋಡಿ ಗುರುತು ಹಿಡಿದು 241 ಬೇರೆ ಬೇರೆ ಹಿಮಚಿರತೆ ಅಂತ ಲೆಕ್ಕ ಸಿಕ್ಕಿತು. ಅದರಿಂದ ಒಟ್ಟು 718 ಅಂತ ಅಂದಾಜು ಮಾಡಿದರು. ಮನುಷ್ಯನ ಕಣ್ಣಿಗೆ ಬೀಳದ್ದು ಕ್ಯಾಮೆರಾಕ್ಕೆ ಬೀಳುತ್ತದೆ. ಎರಡು ಕಾಲಿನ ದೊಡ್ಡ ಪ್ರಾಣಿ ಅಂತ ಸಿಕ್ಕಿದ್ದು ಬ್ಯಾಟರಿ ಬದಲಿಸಲು ಬಂದ ಮನುಷ್ಯರು ಮಾತ್ರ.

ಮೇಘಾಲಯದ ಗಾರೋ ಬೆಟ್ಟದಲ್ಲೂ ಇಂಥದ್ದೇ ನಂಬಿಕೆ ಇದೆ, ಮಾಂಡೆ ಬುರುಂಗ್ ಅಂತ. 2008ರಲ್ಲಿ ಅದರ ಕೂದಲು ಅಂತ ಇಂಗ್ಲೆಂಡಿಗೆ ಕಳಿಸಿದ್ದರು. ಗೋರಲ್ ಅನ್ನುವ ಮೇಕೆಜಾತಿಯ ಪ್ರಾಣಿಯದು ಅಂತ ಬಂತು.

ನಿರ್ವಾಹಕ
ಮಧ್ಯದಲ್ಲಿ ಎರಡು ಕಾಮೆಂಟು ತೆಗೆದಿದ್ದೇನೆ. ಯೇತಿ ಬಗ್ಗೆ ಏನು ಬೇಕಾದರೂ ಬರೆಯಿರಿ, ಭಟ್ಟರ ಊರು, ಜಾತಿ ಬಗ್ಗೆ ಬೇಡ.

ತುಂಗಾತೀರ
ಧನ್ಯವಾದ ಎಲ್ಲರಿಗೂ. ಆದರೆ ಭಟ್ಟರೇ, ನೀವು ನನ್ನ ಮೊದಲ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ. ಸಂಶಯಪ್ಪ ತಮ್ಮದು ಹೇಳಿದರು: ಒಂದು ಹಲ್ಲು, ಎರಡು ಲ್ಯಾಬು. ನಿಮ್ಮದು? ಏನು ತೋರಿಸಿದರೆ ಯೇತಿ ಇಲ್ಲ ಅಂತ ಒಪ್ಪುತ್ತೀರಿ?

ಶಿರಸಿ ಭಟ್ಟ
ಸ್ವಲ್ಪ ಹೊತ್ತು ಯೋಚಿಸಿದೆ. ಪ್ರಾಮಾಣಿಕವಾಗಿ ಹೇಳಬೇಕು ಅಂದರೆ ಏನೂ ಇಲ್ಲ. ಹಿಮಾಲಯದ ಪ್ರತಿ ಕಲ್ಲನ್ನೂ ಎತ್ತಿ ತೋರಿಸಿದರೂ, ಆ ಕಲ್ಲು ಎತ್ತುವಾಗ ಈಚೆ ಕಲ್ಲಿನ ಹಿಂದೆ ಹೋಗಿತ್ತು ಅಂತೇನೆ.

ನಗಬೇಡಿ. ಖುಮ್‌ಜುಂಗಿನವರು ನೆತ್ತಿ ವಾಪಸ್ ಬಂದ ಮೇಲೆ ಏನು ಮಾಡಿದರು? ಮೇಕೆ ಚರ್ಮ ಅಂತ ಬಿಸಾಡಲಿಲ್ಲ. ಮತ್ತೆ ಗೊಂಪಾದಲ್ಲೇ ಇಟ್ಟರು, ಇವತ್ತಿಗೂ ಇದೆ, ಚಾರಣಿಗರೇ ನೋಡಿ ಬಂದಿದ್ದಾರೆ. ಅವರಿಗೆ ಬೇಕಾಗಿದ್ದು ಶಿಕಾಗೋದ ಸರ್ಟಿಫಿಕೇಟ್ ಅಲ್ಲ. ನನಗೂ ಹಾಗೇ. ಬೆಟ್ಟದಲ್ಲಿ ನಮ್ಮ ಲೆಕ್ಕಕ್ಕೆ ಸಿಗದ್ದು ಒಂದಾದರೂ ಇರಲಿ ಅನ್ನುವ ಆಸೆ.

ಸಂಶಯಪ್ಪ
ಆಸೆ ನನಗೂ ಇದೆ ಭಟ್ಟರೇ. ಇದ್ದಿದ್ದರೆ ಎಷ್ಟು ಮಜಾ ಇರುತ್ತಿತ್ತು! ಆದರೆ ಆಸೆ ಅಂತಲೇ ಹೇಳಿ. ಶಿಪ್ಟನ್, ಅಮೆರಿಕ, ಪರ್ಮಿಟ್ಟು ಅಂತ ಪುರಾವೆ ತಂದರೆ ನಾನು ಪುರಾವೆಯ ಹಾಗೇ ನೋಡುತ್ತೇನೆ. ಬಯಸಿದ್ದು ಅಂದರೆ ನನ್ನ ತಕರಾರಿಲ್ಲ.

ಧಾರವಾಡದ ಬಯಾಲಜಿ ಮೇಡಂ
ಲೆಕ್ಕಕ್ಕೆ ಸಿಗದ್ದು ಬೇಕು ಅಂದರೆ ಆ ಕರಡಿಯೇ ಇದೆಯಲ್ಲ ಭಟ್ಟರೇ. 2017ರ ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಬಂತು, ಅದನ್ನು ಸುದ್ದಿಯವರು ಜಾಸ್ತಿ ಬರೆಯಲಿಲ್ಲ. ಹಿಮಾಲಯದ ಕಂದು ಕರಡಿ ಉಳಿದ ಕಂದು ಕರಡಿಗಳಿಂದ ಸುಮಾರು 6,50,000 ವರ್ಷಗಳ ಹಿಂದೆಯೇ ಬೇರೆಯಾದ ಕವಲು. ಹಿಮಯುಗದಲ್ಲಿ ಬೆಟ್ಟದಲ್ಲಿ ಸಿಕ್ಕಿಕೊಂಡು ತನ್ನ ಪಾಡಿಗೆ ತಾನು ಬದುಕಿದ್ದು. ಈಗ ಅಳಿವಿನ ಅಂಚಿನಲ್ಲಿದೆ. ಯೇತಿಯ ಕೂದಲು ಅಂತ ಜನ ಜೋಪಾನ ಮಾಡಿ ಇಟ್ಟದ್ದರಿಂದಲೂ ಅಷ್ಟು ಅಪರೂಪದ ಪ್ರಾಣಿಯ ಡಿಎನ್‌ಎ ವಿಜ್ಞಾನಿಗಳ ಕೈಗೆ ಬಂತು.

ಶಿರಸಿ ಭಟ್ಟ
ಇದು ನನಗೆ ಗೊತ್ತಿರಲಿಲ್ಲ ಮೇಡಂ. ಆ ಅಧ್ಯಯನ ಓದೋಕೆ ಸಿಗುತ್ತದಾ?

ಧಾರವಾಡದ ಬಯಾಲಜಿ ಮೇಡಂ
ಸಿಗುತ್ತದೆ, ನಿಮಗೆ ಮೆಸೇಜ್ ಮಾಡುತ್ತೇನೆ.

ತುಂಗಾತೀರ
ಸರಿ, ಈಗ ಹುಡುಗನ ಗತಿ. ಅವನು ಪರವಾಗಿಯೇ ಮಾತಾಡಬೇಕು, ಶನಿವಾರ ಸ್ಪರ್ಧೆ. ಸೇನೆಯ ಟ್ವೀಟ್ ಕೈಬಿಡು ಅಂದೆ, ಮುಖ ಸಣ್ಣ ಮಾಡಿಕೊಂಡಿದ್ದಾನೆ. ಮುಂಝಾಲಾ ಕತೆ ಹೇಳಿದ ಮೇಲೆ ಸ್ವಲ್ಪ ಚುರುಕಾದ. ಎದುರಿನವರು ಹಿಮಚಿರತೆಯ ಕ್ಯಾಮೆರಾ ಲೆಕ್ಕ ತೆಗೆದರೆ ಏನು ಹೇಳಬೇಕು?

ಮೈಸೂರಿನ ಕಾಡುಪಾಪ
ಆ ಕ್ಯಾಮೆರಾಗಳೆಲ್ಲ ಹಿಮಚಿರತೆ ಓಡಾಡುವ ಜಾಗದಲ್ಲಿದ್ದವು ಅಂತ ಹೇಳಲಿ. ಅಂದರೆ ಮರ ಇಲ್ಲದ ಕಲ್ಲು ಬೆಟ್ಟ. ದೊಡ್ಡ ವಾನರ ಇದ್ದರೆ ಅದು ಇರುವುದು ಕೆಳಗಿನ ದಟ್ಟ ಕಾಡಿನಲ್ಲಿ, ಹಿಮಕ್ಕೆ ಬರುವುದು ಒಂದು ಕಣಿವೆಯಿಂದ ಇನ್ನೊಂದಕ್ಕೆ ದಾಟುವಾಗ ಮಾತ್ರ. ಜೊತೆಗೆ ಆ ಲೆಕ್ಕ ಭಾರತದ್ದು, ನೇಪಾಳ ಭೂತಾನದ್ದಲ್ಲ. ಇದರಲ್ಲಿ ಸುಳ್ಳಿಲ್ಲ. ಯೇತಿ ಇದೆ ಅಂತಲೂ ಆಗಲ್ಲ, ಆದರೆ ನಾಲ್ಕು ನಿಮಿಷದ ಭಾಷಣಕ್ಕೆ ಸಾಕು. ಚೀನಾದಲ್ಲಿ ಸಿಕ್ಕ ಜೈಗಾಂಟೊಪಿತೆಕಸ್ ಅನ್ನುವ ದೈತ್ಯ ವಾನರದ ದವಡೆ, ಹಲ್ಲುಗಳ ವಿಷಯನೂ ಸೇರಿಸಲಿ. ಅದು ಅಳಿದು ಎರಡು ಲಕ್ಷ ವರ್ಷಕ್ಕೂ ಮೇಲಾಯಿತು ಅಂತ ಎದುರಿನವರು ಕೇಳಿದರೆ ಮಾತ್ರ ಹೇಳಲಿ, ಆದರೆ ಕೇಳಿದರೆ ಹೇಳಲೇಬೇಕು.

ಸಂಶಯಪ್ಪ
ಎದುರು ತಂಡದ ಮಕ್ಕಳಿಗೆ ಯಾರಾದರೂ ಬರೆದುಕೊಡುತ್ತಿದ್ದಾರಾ? ಇಲ್ಲ ಅಂದರೆ ನಾನು ಬಿಡುವಾಗಿದ್ದೇನೆ.